ಹೋದ ಪುಟ್ಟಿ, ಬಂದ ಪುಟ್ಟಿ, ಬೋರ್ಡು ಮಾತ್ರ ಗಟ್ಟಿ

ಬರೆಯೋ ಕಾಗದ, ರಟ್ಟು, ಉಡುಗೊರೆ ಸುತ್ತುವ ಬಣ್ಣದ ಹಾಳೆ, ಅದರ ಮೇಲೆ ಕಟ್ಟುವ ರಿಬ್ಬನ್ನು.

ಶಾಲೆ ಶುರುವಾಗೋ ಮುಂಚೆ ಅಂಗಡಿಗೆ ಒಯ್ಯುವ ಚೀಟಿ ಅಂದುಕೊಂಡಿರಾ? ಅಲ್ಲ. 2010ರ ಸುಮಾರಿಗೆ ಒಬ್ಬ ಗಾಯಕಿ ಯುರೋಪಿನ ಟ್ರೇಡ್‌ಮಾರ್ಕ್ ಕಚೇರಿಗೆ ಹಾಕಿದ ಅರ್ಜಿಯಲ್ಲಿದ್ದ ಸಾಮಾನುಗಳು ಇವು. ಹದಿಮೂರನೇ ವಯಸ್ಸಿನಲ್ಲಿ ತಾನೂ ಸೇರಿ ಕಟ್ಟಿದ ಗುಂಪು, ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ ನಾಲ್ಕು ಸಲ ಮೊದಲ ಸ್ಥಾನಕ್ಕೆ ತಾನು ಹಾಡಿ ಏರಿಸಿದ ಗುಂಪು. ಅದರ ಹೆಸರನ್ನು ಈ ಹಾಳೆ, ರಿಬ್ಬನ್ನುಗಳ ಮೇಲೆ ಅಚ್ಚು ಹಾಕಿಸಲು ಹಕ್ಕು ಕೊಡಿ ಅಂತ ಅವಳ ಕೋರಿಕೆ. ಹಾಡೋದಕ್ಕೆ ಆ ಹೆಸರು ಸಿಗೋ ಹಾಗಿರಲಿಲ್ಲ. ಅದರಲ್ಲಿ ಆಗಲೇ ಬೇರೆ ಮೂವರು ಹಾಡುತ್ತಿದ್ದರು. ಮಿಕ್ಕಿದ್ದು ರಿಬ್ಬನ್ನು.

ಗುಂಪಿನ ಹೆಸರು ಶುಗಾಬೇಬ್ಸ್. ಅರ್ಜಿ ಹಾಕಿದವಳು ಮುತ್ಯಾ ಬ್ವೇನಾ. ಉತ್ತರ ಕರ್ನಾಟಕದವರು ನಗಬೇಡಿ, ನಿಮ್ಮಲ್ಲಿ ಮುತ್ಯಾ ಅಂದರೆ ಅಜ್ಜ ಅಂತ ಗೊತ್ತು. ಇವಳ ತಂದೆ ಫಿಲಿಪ್ಪೀನ್ಸ್ ಮೂಲದವರು. ಆ ಕಡೆ ಮುತ್ಯಾ ಅಂದರೆ ಮುತ್ತು. ಇನ್ನೊಬ್ಬಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆಹೇಗೋ ಬರೀತಾರೆ, ಕರೆಯೋದು ಮಾತ್ರ ಶಿವಾನ್ ಅಂತ. ಮೂರನೆಯವಳು ಕೀಶಾ ಬ್ಯೂಕ್ಯಾನನ್. ಇವರನ್ನೆಲ್ಲ ನಮ್ಮ ಬೀದಿಯ ಹುಡುಗಿಯರ ಹಾಗೆ ಏಕವಚನದಲ್ಲೇ ಕರೀತೀನಿ, ಸಿಟ್ಟಾಗಬೇಡಿ. 1998ರಲ್ಲಿ ಲಂಡನ್ನಿನಲ್ಲಿ ಇವರನ್ನು ಒಂದುಗೂಡಿಸಿದ್ದು ರಾನ್ ಟಾಮ್ ಅನ್ನೋ ಮ್ಯಾನೇಜರು. ಮೊದಲು ಇಟ್ಟ ಹೆಸರು 'ಶುಗಾಬೇಬೀಸ್'. ರೆಕಾರ್ಡ್ ಕಂಪನಿಯವರು ಬಂದು, ಇದು ತೀರಾ ಮಕ್ಕಳ ಹೆಸರಾಯಿತು, ಸ್ವಲ್ಪ ದೊಡ್ಡವರ ಹಾಗೆ ಕಾಣಲಿ ಅಂತ 'ಬೇಬೀಸ್' ತೆಗೆದು 'ಬೇಬ್ಸ್' ಮಾಡಿದರು. ಹುಡುಗಿಯರಿಗೆ ಆಗ ಹೋಮ್‌ವರ್ಕ್ ಮಾಡದೆ ಬೈಸಿಕೊಳ್ಳೋ ವಯಸ್ಸು.

2000ದಲ್ಲಿ ಮೊದಲ ಹಾಡು ಬಂತು, ಆರನೇ ಸ್ಥಾನಕ್ಕೆ ಹೋಯಿತು. ಹಾಡು ನಿಜಕ್ಕೂ ಚೆನ್ನಾಗಿತ್ತು. ನಗುನಗುತ್ತಾ ಕುಣಿಯೋ ಗುಂಪುಗಳ ಕಾಲದಲ್ಲಿ ಈ ಮೂವರು ಮುಖ ಗಂಟಿಕ್ಕಿಕೊಂಡು ಸುಮ್ನೆ ನಿಂತು ಹಾಡಿದರು. ಅದೇ ಹೊಸದು ಅನ್ನಿಸಿತು.

ಮುಂದಿನ ವರ್ಷ ಜಪಾನಿನಲ್ಲಿ ಪ್ರಚಾರದ ಓಡಾಟ. ಶಿವಾನ್ ಬಾತ್‌ರೂಮಿಗೆ ಹೋಗಿ ಬರ್ತೀನಿ ಅಂತ ಎದ್ದುಹೋದವಳು ವಾಪಸ್ ಬರಲೇ ಇಲ್ಲ ಅನ್ನೋದು ಬ್ರಿಟನ್ನಿನ ಪಾಪ್ ಲೋಕದಲ್ಲಿ ಎಲ್ಲರ ಬಾಯಲ್ಲೂ ಇರೋ ಕಥೆ. ಹದಿನೇಳು ವರ್ಷದ ಆ ಹುಡುಗಿಯನ್ನು ಖಿನ್ನತೆ ಹಿಡಿದಿತ್ತು ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ನಾನು ನಗಲ್ಲ. ನಗು ಬರೋದು ನಂತರ ನಡೆದಿದ್ದಕ್ಕೆ. ಮಗು ಹೀಗೆ ಎದ್ದುಹೋಯಿತಲ್ಲ, ಯಾಕೆ ಅಂತ ಯಾರಾದರೂ ಒಂದು ನಿಮಿಷ ತಲೆ ಕೆರೆದುಕೊಂಡರಾ? ಕುರ್ಚಿ ಖಾಲಿ ಇದೆ ಅನ್ನೋದಷ್ಟೇ ಕಂಡಿತು.

ಆ ಕುರ್ಚಿಗೆ ಬಂದವಳು ಹೈಡಿ ರೇಂಜ್. ಲಿವರ್‌ಪೂಲಿನ ಹುಡುಗಿ. ಅವಳಿಗೆ ಇದರಲ್ಲಿ ಅನುಭವವೂ ಇತ್ತು. ಅಟಾಮಿಕ್ ಕಿಟನ್ ಅನ್ನೋ ಇನ್ನೊಂದು ಗುಂಪು ಕಟ್ಟಿದ ಮೊದಲಿಗರಲ್ಲಿ ಒಬ್ಬಳಾಗಿದ್ದು, ಅದರ ಮೊದಲ ಹಾಡು ಹೊರಬರೋದಕ್ಕೆ ಮುಂಚೆಯೇ ಎದ್ದುಬಂದಿದ್ದಳು. ಅಲ್ಲಿ ಅವಳ ಕುರ್ಚಿಯಲ್ಲಿ ಇನ್ಯಾರೋ ಕೂತಿದ್ದರು. ಇಲ್ಲಿ ಇನ್ಯಾರದೋ ಕುರ್ಚಿಯಲ್ಲಿ ಇವಳು ಕೂತಳು. ಲೆಕ್ಕ ಚುಕ್ತಾ.

ಹಳೇ ಕಂಪನಿ ಕೈಬಿಟ್ಟಿತು, ಹೊಸ ಕಂಪನಿ ಕರೆದುಕೊಂಡಿತು. 2002ರಲ್ಲಿ ಬಂದ ಹಾಡು ಸೀದಾ ಒಂದನೇ ಸ್ಥಾನ. ಅದನ್ನು ಮಾಡಿದ್ದು ಹೇಗೆ ಗೊತ್ತಾ? ಒಬ್ಬರ ಹಳೇ ಹಾಡಿನ ವಾದ್ಯ, ಇನ್ನೊಬ್ಬರ ಹಳೇ ಹಾಡಿನ ಸಾಹಿತ್ಯ, ಎರಡನ್ನೂ ಸೇರಿಸಿ ಹೊಲಿಗೆ. ಹಾಡೇ ಕೌದಿ, ಗುಂಪೂ ಕೌದಿ. ಚೆನ್ನಾಗಿ ಹೊಲಿದಿದ್ದರು, ಸುಳ್ಳು ಹೇಳಬಾರದು. ಅಲ್ಲಿಂದ ಮೂರು ವರ್ಷ ಮುಟ್ಟಿದ್ದೆಲ್ಲ ಚಿನ್ನ.

ಈಗ ನನ್ನ ಅಚ್ಚುಮೆಚ್ಚಿನ ಘಟ್ಟಕ್ಕೆ ಬಂದೆ. 2005ರ ಅಕ್ಟೋಬರಿನಲ್ಲಿ ಒಂದು ಆಲ್ಬಮ್ ಬಂತು. ಮುತ್ಯಾ ಹಾಡಿದ್ದಳು. ಆ ವರ್ಷವೇ ಅವಳಿಗೆ ಹೆಣ್ಣುಮಗು ಹುಟ್ಟಿತ್ತು. ಡಿಸೆಂಬರಿನಲ್ಲಿ ಗುಂಪು ಬಿಟ್ಟಳು. ಕೆಲವೇ ದಿನಗಳಲ್ಲಿ ಅಮೆಲ್ ಬೆರಾಬಾ ಅನ್ನೋ ಹುಡುಗಿ ಬಂದಳು. ಅಂಗಡಿಗಳಲ್ಲಿ ಮಾತ್ರ ಮುತ್ಯಾಳ ದನಿಯ ಡಿಸ್ಕುಗಳು ರಾಶಿ ಬಿದ್ದಿವೆ. ಏನು ಮಾಡೋದು? ಅದೇ ಆಲ್ಬಮಿನ ಕೆಲವು ಹಾಡುಗಳಲ್ಲಿ ಮುತ್ಯಾಳ ಸಾಲುಗಳನ್ನು ತೆಗೆದು, ಅಲ್ಲಿ ಅಮೆಲ್ ದನಿ ಕೂರಿಸಿ, 2006ರ ಫೆಬ್ರವರಿಯಲ್ಲಿ ಮತ್ತೆ ಮಾರಿದರು. ಹೆಸರು ಅದೇ.

ಎರಡನ್ನೂ ಹೆಡ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಕೇಳಿ ನೋಡಿ, ನಾನು ಕೇಳಿದ್ದೀನಿ. ಅದೇ ರಾಗ. ಅದೇ ಡ್ರಮ್ಮು. ಕೀಶಾ ತನ್ನ ಸಾಲು ಮುಗಿಸ್ತಾಳೆ, ಮುಂದಿನವಳಿಗೆ ಜಾಗ ಬಿಡ್ತಾಳೆ. ಒಂದು ಡಿಸ್ಕಿನಲ್ಲಿ ಮುತ್ಯಾಳ ಸ್ವಲ್ಪ ಒರಟಾದ, ದಪ್ಪ ದನಿ ಬರುತ್ತೆ. ಇನ್ನೊಂದರಲ್ಲಿ ಅದೇ ಮಾತು, ಅದೇ ಜಾಗ, ದನಿ ಬೇರೆ. ಮದುವೆ ಆಲ್ಬಮಿನಲ್ಲಿ ಜಗಳವಾಡಿ ಹೋದ ಚಿಕ್ಕಮ್ಮನ ಮುಖದ ಮೇಲೆ ಹೊಸ ಚಿಕ್ಕಮ್ಮನ ಫೋಟೋ ಅಂಟಿಸಿದ ಹಾಗೆ. ಸೀರೆ ಹಳೆಯವಳದೇ.

ಇದು ಒಂದು ಸಲದ ಎಡವಟ್ಟು ಅಂದುಕೊಂಡರೆ ತಪ್ಪು. ಇವರ ಮನೆಯಲ್ಲಿ ಇದೇ ಪದ್ಧತಿ. 2007ರ ಆಲ್ಬಮಿಗೆ ಇವರೇ ಇಟ್ಟುಕೊಂಡ ಹೆಸರು 'ಚೇಂಜ್'. ನಾನೇನೂ ಸೇರಿಸಬೇಕಾಗಿಲ್ಲ.

2009ರ ಸೆಪ್ಟೆಂಬರಿನಲ್ಲಿ ಸರದಿ ಕೀಶಾಳದು. ಹನ್ನೊಂದು ವರ್ಷ ಅಲ್ಲಾಡದೆ ಕೂತಿದ್ದವಳು ಅವಳೊಬ್ಬಳೇ. ಹೊರಗೆ ಬಂದ ಸುದ್ದಿಯ ಜೊತೆಗೇ ಅವಳು ಟ್ವಿಟರಿನಲ್ಲಿ, ಬಿಡೋದು ತನ್ನ ತೀರ್ಮಾನವಾಗಿರಲಿಲ್ಲ ಅಂತ ಬರೆದಳು. ಆಗ ಲಾಸ್ ಏಂಜಲೀಸಿನಲ್ಲಿ ಹೊಸ ಹಾಡಿನ ವಿಡಿಯೋ ಶೂಟಿಂಗ್ ಗೊತ್ತಾಗಿತ್ತು. ಶೂಟಿಂಗ್ ನಿಲ್ಲಿಸೋಕಾಗುತ್ತಾ? ಜೇಡ್ ಯೂವನ್ ಅನ್ನೋ ಹುಡುಗಿ ವಿಮಾನ ಹತ್ತಿ ಬಂದಳು. ಅದೇ ವರ್ಷ ಮಾಸ್ಕೋದಲ್ಲಿ ನಡೆದ ಯೂರೋವಿಷನ್ ಅನ್ನೋ ದೇಶ-ದೇಶಗಳ ಹಾಡಿನ ಸ್ಪರ್ಧೆಯಲ್ಲಿ ಬ್ರಿಟನ್ನಿಗಾಗಿ ಹಾಡಿ ಐದನೇ ಸ್ಥಾನ ತಂದಿದ್ದವಳು, ಪ್ರತಿಭೆಗೇನೂ ಕಮ್ಮಿ ಇರಲಿಲ್ಲ. ಕೀಶಾ ಹಾಡಿಟ್ಟಿದ್ದ ಸಾಲುಗಳನ್ನು ಅಳಿಸಿ ಜೇಡ್ ಕೈಲಿ ಹಾಡಿಸಿದರು. ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಅಭ್ಯಾಸವಾದ ಪಾತ್ರೆ, ಬೇಗ ಬೆಳಗಿತು.

ಹೋಗೋ ಪ್ರತಿಯೊಬ್ಬರ ಹಿಂದೆಯೂ ಲಂಡನ್ನಿನ ಗಾಸಿಪ್ ಪತ್ರಿಕೆಗಳಲ್ಲಿ ಒಂದು ಕಥೆ ಬರ್ತಿತ್ತು: ಕೀಶಾ ಜಗಳಗಂಟಿ, ಎಲ್ಲರನ್ನೂ ಗೋಳು ಹೊಯ್ಕೋತಾಳೆ. ಕೊನೆಗೆ ಅವಳೇ ಹೊರಬಿದ್ದಳು. ತಾನು ಕಪ್ಪು ಹುಡುಗಿ ಆಗಿದ್ದಕ್ಕೇ ಆ ಹಣೆಪಟ್ಟಿ ಅಷ್ಟು ಸಲೀಸಾಗಿ ಅಂಟಿತು ಅಂತ 2020ರಲ್ಲಿ ಅವಳು ವಿಡಿಯೋ ಮಾಡಿ ಹೇಳಿದಳು. ಕೇಳೋಕೆ ಹನ್ನೊಂದು ವರ್ಷ ತಡವಾಗಿತ್ತು.

ಸರಿ, ಈಗ 2009ರ ಕೊನೆಗೆ ಮನೆಯೊಳಗೆ ಇಣುಕಿ. ಹೈಡಿ, ಅಮೆಲ್, ಜೇಡ್. ಮನೆ ಕಟ್ಟಿದ ಮೂವರಲ್ಲಿ ಒಬ್ಬಳೂ ಇಲ್ಲ. ಬಾಗಿಲ ಮೇಲಿನ ಬೋರ್ಡು ಅದೇ. ಟಿಕೆಟ್ ಮೇಲೂ ಅದೇ. ನದಿ ಮೂಲ, ಋಷಿ ಮೂಲ ಕೇಳಬಾರದು ಅಂತಾರಲ್ಲ, ಪಾಪ್ ಗುಂಪಿನ ಮೂಲವನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ.

ಬ್ರಿಟನ್ನಿನಲ್ಲಿ ಇದೇನೂ ಒಂದೇ ಮನೆಯ ಕಥೆ ಅಲ್ಲ. 1981ರಲ್ಲಿ ಯೂರೋವಿಷನ್ ಗೆದ್ದ ಬಕ್ಸ್ ಫಿಜ್ ಅಂತ ಒಂದು ಗುಂಪು, ಇಬ್ಬರು ಗಂಡಸರು, ಇಬ್ಬರು ಹೆಂಗಸರು. ದಶಕಗಳ ನಂತರ ಅದರ ಮೂವರು ಒಂದು ಕಡೆ, ನಾಲ್ಕನೆಯವನು ಇನ್ನೊಂದು ಕಡೆ. ಟ್ರೇಡ್‌ಮಾರ್ಕು ನಾಲ್ಕನೆಯವನ ಹೆಂಡತಿಯ ಹೆಸರಲ್ಲಿ. ವ್ಯಾಜ್ಯ ನಡೆಯಿತು, 2011ರಲ್ಲಿ ಮೂವರು ಸೋತರು. ಮುಕ್ಕಾಲು ಗುಂಪು ಹೊರಗೆ, ಕಾಲು ಗುಂಪು ಒಳಗೆ. ಏನೇನೋ ಹೆಸರು ಇಟ್ಟುಕೊಂಡು ನೋಡಿ, ಕೊನೆಗೆ ಆ ಮೂವರು 'ದ ಫಿಜ್' ಆದರು. ಬಕ್ಸ್ ಅಂದರೆ ಆಡುಮಾತಿನಲ್ಲಿ ದುಡ್ಡು. ಫಿಜ್ ಅಂದರೆ ನೊರೆ. ದುಡ್ಡು ಅತ್ತ ಹೋಯಿತು, ನೊರೆ ಇತ್ತ ಉಳಿಯಿತು.

ನಮ್ಮ ಕಥೆಗೆ ವಾಪಸ್ ಬರೋಣ. 2011ರ ಹೊತ್ತಿಗೆ ನಾಲ್ಕನೇ ಕಂತಿನ ಮೂವರೂ ಸದ್ದಿಲ್ಲದೆ ಮಾಯವಾದರು. ವಿಶ್ರಾಂತಿ ಅಂತ ಹೇಳಿದ್ದರು. 2013ರಲ್ಲಿ ಜೇಡ್ ಬಾಯಿಬಿಟ್ಟಳು: ನಾವು ಬೇರೆಯಾಗಿ ಎರಡು ವರ್ಷವಾಯಿತು! ಸಾವಿನ ಸುದ್ದಿ ಬರೋ ಹೊತ್ತಿಗೆ ಎರಡನೇ ವರ್ಷದ ತಿಥಿ.

ಅದಕ್ಕೂ ಮುಂಚೆ, 2012ರಲ್ಲಿ, ಮೊದಲಿನ ಮೂವರು ಮತ್ತೆ ಕೈ ಹಿಡಿದಿದ್ದರು. ಶಿವಾನ್, ಮುತ್ಯಾ, ಕೀಶಾ. ಹದಿಹರೆಯದಲ್ಲಿ ಮುಖ ತಿರುಗಿಸಿಕೊಂಡವರು ಈಗ ಒಟ್ಟಿಗೆ ಕೂತು ಹಾಡು ಬರೀತಿದ್ದಾರೆ. ಹೆಸರು? ಅದೊಂದು ಕೇಳಬೇಡಿ. ಹಳೇ ಹೆಸರಿನ ಕೀಲಿಕೈ ಅವರ ಹತ್ತಿರ ಇರಲಿಲ್ಲ. ಹಾಗಾಗಿ ಮುತ್ಯಾ ಕೀಶಾ ಶಿವಾನ್ ಅಂತ ಮೂವರ ಹೆಸರನ್ನೇ ಸಾಲಾಗಿ ಇಟ್ಟುಕೊಂಡರು, ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಚಿಕ್ಕದಾಗಿ ಎಂಕೆಎಸ್. ನಮ್ಮ ಕಡೆ ಆಗಿದ್ದರೆ ಜನ ಲಾರಿ ಟ್ರಾನ್ಸ್‌ಪೋರ್ಟ್ ಅಂದುಕೊಂಡು ಪಾರ್ಸಲ್ ತರ್ತಿದ್ದರು. ಇವರ ಮೊದಲ ಹಾಡಿನ ಹೆಸರು 'ಫ್ಲ್ಯಾಟ್‌ಲೈನ್'. ಆಸ್ಪತ್ರೆಯಲ್ಲಿ ಹೃದಯ ನಿಂತಾಗ ಪರದೆ ಮೇಲೆ ಎಳೆಯೋ ನೇರ ಗೆರೆ. ವಿಮರ್ಶಕರು ಕೊಂಡಾಡಿದರು. ಹಾಡು 50ನೇ ಸ್ಥಾನಕ್ಕೆ ಹೋಗಿ ನಿಂತಿತು. ಆಲ್ಬಮ್ ಅಟ್ಟ ಸೇರಿತು.

ಅದೇ ದನಿ. ಅದೇ ಮೂವರು. ನಿಜವಾದ ಅಸಲಿ ಮಾಲು. ಬೋರ್ಡು ಇಲ್ಲದ್ದಕ್ಕೆ ಗಿರಾಕಿ ಇಲ್ಲ. ಬೋರ್ಡು ಇತ್ತು, ಒಳಗೆ ಯಾರಿದ್ದರೂ ನಡೀತಿತ್ತು ಒಂದು ಕಾಲದಲ್ಲಿ.

2019ರಲ್ಲಿ ಕೊನೆಗೂ ಹೆಸರು ಕೈಗೆ ಬಂತು. ಸ್ವಂತ ಮನೆಗೆ ಗೃಹಪ್ರವೇಶ. 2022ರ ಜೂನಿನಲ್ಲಿ ಗ್ಲಾಸ್ಟನ್‌ಬರಿ ಅನ್ನೋ ಬ್ರಿಟನ್ನಿನ ದೊಡ್ಡ ಸಂಗೀತ ಉತ್ಸವದಲ್ಲಿ ಇವರಿಗೆ ಅವಲಾನ್ ಅನ್ನೋ ಸಣ್ಣ ವೇದಿಕೆ ಕೊಟ್ಟರು. ಹಳೇ ಗುಂಪು, ನಾಲ್ಕು ಜನ ಬಂದರೆ ಹೆಚ್ಚು ಅಂತ ಲೆಕ್ಕ ಹಾಕಿದ್ದಿರಬೇಕು. ಜನ ಎಷ್ಟು ನುಗ್ಗಿದರು ಅಂದರೆ ಆ ಬಯಲಿಗೇ ದಾರಿ ಮುಚ್ಚಬೇಕಾಯಿತು. 2024ರಲ್ಲಿ ಮತ್ತೆ ಕರೆದರು, ಈ ಸಲ ದೊಡ್ಡ ಜಾಗ. ಅದೂ ತುಂಬಿ ಮತ್ತೆ ದಾರಿ ಮುಚ್ಚಿದರು. ಎರಡನೇ ಸಲವೂ ಲೆಕ್ಕ ತಪ್ಪಿದವರಿಗೆ ಏನು ಹೇಳೋದು? ಅಟ್ಟ ಸೇರಿದ್ದ ಆಲ್ಬಮ್ಮನ್ನೂ 2022ರ ಡಿಸೆಂಬರಿನಲ್ಲಿ ಕೆಳಗಿಳಿಸಿ, ಧೂಳು ಒರೆಸಿ ಬಿಟ್ಟರು. ಈ ಸಲ ಬೋರ್ಡಿನ ಸಮೇತ.

ಸುಖಾಂತ್ಯ ಅಂತೀರಾ? ಸ್ವಲ್ಪ ತಾಳಿ, ವೇದಿಕೆ ಹತ್ತಿರ ಬನ್ನಿ.

ಈ ಗುಂಪಿನ ಹಾಡು ಬ್ರಿಟನ್ನಿನಲ್ಲಿ ಆರು ಸಲ ಒಂದನೇ ಸ್ಥಾನಕ್ಕೆ ಹೋಗಿದೆ. ಆ ಆರರಲ್ಲೂ ಹೈಡಿ ಹಾಡಿದ್ದಾಳೆ. ಶಿವಾನ್ ಒಂದರಲ್ಲೂ ಇಲ್ಲ. ಮೂವರೂ ಮತ್ತೆ ಕೂಡೋದಕ್ಕೆ ಮುಂಚೆ ಅವಳು ಹಾಡಿದ್ದು ಮೊದಲ ಆಲ್ಬಮ್ ಒಂದೇ. ಹೈಡಿ ಹಾಡಿದ್ದು ಆರು ಆಲ್ಬಮ್. ಜನ ಕೇಳೋದು ಹಿಟ್ ಹಾಡುಗಳನ್ನೇ ತಾನೆ? ಹಾಗಾಗಿ ಇವತ್ತು ಅಸಲಿ ಶಿವಾನ್, ಅವಳ ಬದಲಿಗೆ ಬಂದಿದ್ದ ಹೈಡಿಯ ಸಾಲುಗಳನ್ನು ಹಾಡುತ್ತಾಳೆ. 2007ರ ದೊಡ್ಡ ಹಿಟ್ 'ಅಬೌಟ್ ಯೂ ನೌ' ಬಂತು ಅಂದರೆ ಇನ್ನೂ ಮಜಾ. ಮೂಲ ರೆಕಾರ್ಡಿನಲ್ಲಿ ಇದ್ದಿದ್ದು ಕೀಶಾ, ಹೈಡಿ, ಅಮೆಲ್. ವೇದಿಕೆ ಮೇಲೆ ನಿಂತ ಮೂವರಲ್ಲಿ ಇಬ್ಬರು, ತಾವು ಇಲ್ಲದಿದ್ದಾಗ ತಮ್ಮ ಹೆಸರಲ್ಲಿ ಬೇರೆಯವರು ಹಾಡಿದ ಹಾಡನ್ನು ತಮ್ಮದೇ ಹಾಡಾಗಿ ಹಾಡ್ತಿದ್ದಾರೆ. ಕೆಳಗೆ ಜನ ಕಣ್ಣು ಮುಚ್ಚಿಕೊಂಡು, ಆಹಾ, ಇದಪ್ಪಾ ಅಸಲಿ ಅಂತ ಕುಣೀತಿದ್ದಾರೆ.

ನಾನೂ ಕುಣಿದೆ, ಮನೆಯಲ್ಲಿ, ಮೊಬೈಲ್ ಮುಂದೆ. ತುಂಬಾ ಚೆನ್ನಾಗಿ ಹಾಡ್ತಾರೆ. ಅದೇ ತೊಂದರೆ.

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿ ಇಳಿದುಹೋದವರು, ಇಪ್ಪತ್ತು ವರ್ಷ ಬಿಟ್ಟು ಬಂದು ಇದು ನಮ್ಮ ಸೀಟು ಅಂದರೆ, ಅಷ್ಟು ದಿನ ಕೂತವರು ಎದ್ದು ಹೋಗಲೇಬೇಕಾ? ಹೋಗಬೇಕು ಅಂತಲೇ ನನ್ನ ತೀರ್ಪು, ಟವೆಲ್ ಟವೆಲ್ಲೇ. ಆದರೂ ಹತ್ತು ವರ್ಷ ನಿಲ್ದಾಣ ನಿಲ್ದಾಣಕ್ಕೂ ಕೈಬೀಸಿದ ಹೈಡಿಯನ್ನು ನೆನೆದರೆ ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿ.

ನಾಳೆ ಹೈಡಿ, ಅಮೆಲ್, ಜೇಡ್ ಮೂವರೂ ಸೇರಿ ಮತ್ತೆ ಹಾಡೋಣ ಅಂದುಕೊಂಡರೆ ಏನಂತ ಹೆಸರಿಟ್ಟುಕೊಳ್ಳಬೇಕು? ಎಚ್‌ಎಜೆ ಅಂದರೆ ಅದೂ ಲಾರಿ ಕಂಪನಿಯೇ. ಯಾವುದಕ್ಕೂ ಆ ಟ್ರೇಡ್‌ಮಾರ್ಕ್ ಕಚೇರಿಗೆ ಒಮ್ಮೆ ಹೋಗಿ, ಗೋಂದಿನ ಬಾಟಲಿ, ಗುಂಡುಪಿನ್ನು, ಸ್ಟೇಪ್ಲರ್ ಇನ್ನೂ ಖಾಲಿ ಇದೆಯಾ ಅಂತ ಕೇಳಿಕೊಂಡು ಬರಲಿ.