ಭಾಷಣ ಕಮ್ಮಿ, ಹೆಸರು ಜಾಸ್ತಿ ಇರಲಿ

ಯುದ್ಧದಲ್ಲಿ ಸತ್ತ ತಮ್ಮ ಸದಸ್ಯರ ಹೆಸರು ಕೆತ್ತಿಸಿ ಒಂದು ಕ್ಲಬ್‌ನವರು ಸ್ಮಾರಕ ಫಲಕ ಹಾಕಿಸಿದ್ದು ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಆ ಕಾರ್ಯಕ್ರಮದ್ದು ಅಂತ ಅವರು ಹಾಕಿರುವ ಫೋಟೋ ನೋಡಿ ಸ್ವಾಮಿ. ಚೆಂಡುಹೂವಿನ ಹಾರ ಸರಿಯಾಗಿ ಆ ಹೆಸರುಗಳ ಮೇಲೇ ಬಿದ್ದಿದೆ, ಹಿಂದಿನ ಬ್ಯಾನರ್‌ನಲ್ಲಿ ಅಧ್ಯಕ್ಷರ ಮುಖ ಮಾತ್ರ ಚೆನ್ನಾಗಿ ಕಾಣುತ್ತಿದೆ!

ನಮ್ಮ ಮುಂಬೈಯಲ್ಲೇ ಮಸ್ಜಿದ್ ಬಂದರ್ ಸ್ಟೇಷನ್ ಹತ್ತಿರ ಇಂಡಿಯನ್ ಸೈಲರ್ಸ್ ಹೋಮ್ ಅಂತ ನಾವಿಕರ ವಸತಿಗೃಹ ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತು ಸಮುದ್ರದ ಪಾಲಾದ 2,000ಕ್ಕೂ ಜಾಸ್ತಿ ನಾವಿಕರ ಸ್ಮಾರಕ ಇರುವುದು ಅಲ್ಲೇ. ಎರಡನೇ ಯುದ್ಧದವರದ್ದು ಸುಮಾರು 6,500 ಹೆಸರು, ಅದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಇನ್ನೊಂದು ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿದೆ. ನೌಕಾಪಡೆಯವರಷ್ಟೇ ಅಲ್ಲ, ಸರಕು ಹಡಗಿನಲ್ಲಿ ದುಡಿಯಲು ಹೋದವರೂ ಇದ್ದಾರೆ. ಇವರಿಗೆ ಯಾವ ಕ್ಲಬ್ಬು, ಯಾವ ಬ್ಯಾನರು? ದಿನಾ ಲೋಕಲ್‌ನಲ್ಲಿ ಆ ಸ್ಟೇಷನ್ ದಾಟುವ ನಮ್ಮ ಕನ್ನಡದವರಲ್ಲೇ ಎಷ್ಟು ಜನಕ್ಕೆ ಇದು ಗೊತ್ತು, ಹೇಳಿ.

ಕ್ಲಬ್‌ನವರಿಗೆ ಒಂದು ಮಾತು. ಮುಂದಿನ ವರ್ಷ ಒಂದೊಂದೇ ಹೆಸರು ಗಟ್ಟಿಯಾಗಿ ಓದಿ. ಮನೆಯವರು ಯಾರಾದರೂ ಬಂದರೆ ಮುಂದಿನ ಸಾಲಿನ ಕುರ್ಚಿ ಅವರಿಗೆ ಬಿಡಿ. ನಿಮ್ಮ ನಿಮ್ಮಲ್ಲೇ ಶಾಲು ಹೊದಿಸಿಕೊಳ್ಳುವ ಕಾರ್ಯಕ್ರಮ ಬೇರೆ ದಿನ ಇಟ್ಟುಕೊಳ್ಳಬಹುದು, ಅಲ್ವಾ?