ಬಾಲದ ಕೆಳಗಿನ ವಿಭಕ್ತಿ

ಬೇಕರಿಯ ಗಾಜಿನಾಚೆ ನಿಂತಿದ್ದ ಹುಡುಗಿಗೆ 'ದ್ವಾ ಬುರೆಕಾ ಸಾ ಸಿರೊಮ್, ಮೊಲಿಮ್' ಅಂದೆ. ಚೀಸ್ ತುಂಬಿದ ಬುರೆಕ್ ಎರಡು ಕೊಡಿ, ಅಷ್ಟೆ. ಎರಡರ ಪಕ್ಕ ಬುರೆಕ್ ಯಾವ ರೂಪ ತಾಳಬೇಕೋ ಅದನ್ನೇ ತಾಳಿತ್ತು, ಚೀಸು ತೃತೀಯಾ ವಿಭಕ್ತಿಯಲ್ಲಿತ್ತು, ಕೊನೆಗೆ ವಿನಯವೂ ಇತ್ತು. ಆಕೆ ನನ್ನ ಮುಖವನ್ನೊಮ್ಮೆ ನೋಡಿ, ಬೇರೇನಾದರೂ ಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೈಯೆಲ್ಲ ಉರಿಯಿತು. ಕ್ರೊಯೇಶಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ ಇದು ನಿತ್ಯದ ಕಥೆ. ಗಂಟೆ ಲೆಕ್ಕದಲ್ಲಿ ಯೂರೋ ಸುರಿದು ಕಲಿತದ್ದನ್ನು ಯಾರೂ ಕೈಚಾಚಿ ತೆಗೆದುಕೊಳ್ಳುವುದೇ ಇಲ್ಲ. ಬೆಂಗಳೂರಿನಲ್ಲಿ ಯಾರಾದರೂ ತಡವರಿಸುತ್ತ 'ಎಷ್ಟಾಯ್ತು' ಅಂದರೆ ನಾವು ತಟ್ಟನೆ 'ಪಚಾಸ್' ಅನ್ನುತ್ತೇವಲ್ಲ, ಆ ಪಾಪವನ್ನೆಲ್ಲ ನನ್ನೊಬ್ಬನ ಖಾತೆಗೇ ಬರೆದಂತಿದೆ.

ಸುರಿಯುವುದು ಯಾರಿಗೆ ಅಂದರೆ, ನಿವೃತ್ತರಾದ ಒಬ್ಬ ಟೀಚರಿಗೆ. ಪಾಠ ಅವರ ಮನೆಯ ಅಡುಗೆಕೋಣೆಯಲ್ಲಿ. ಬಾಗಿಲಲ್ಲೇ ಶೂ ಬಿಚ್ಚಿಸಿ ಚಪ್ಪಲಿ ಕೊಡುತ್ತಾರೆ. ಆಮೇಲೆ ಕಿಟಕಿ ಮುಚ್ಚುತ್ತಾರೆ, ಜುಲೈ ಸೆಕೆಯಲ್ಲೂ. ಎದುರುಬದುರಿನ ಕಿಟಕಿಗಳ ನಡುವೆ ಬೀಸುವ ಗಾಳಿಗೆ ಇಲ್ಲಿ 'ಪ್ರೊಪುಹ್' ಎಂದು ಹೆಸರು. ಕುತ್ತಿಗೆ ಹಿಡಿಯುವುದು, ಕಿವಿನೋವು, ಎಲ್ಲಕ್ಕೂ ಅದೇ ಮೂಲ. ಕಿವಿಗೆ ಹತ್ತಿ ತುರುಕಿ ಬಸ್ಸು ಹತ್ತಿಸುತ್ತಿದ್ದ ಅಜ್ಜಿಯ ಮೊಮ್ಮಗ ನಾನು, ವಾದ ಮಾಡುವುದಿಲ್ಲ. ಬೆವರುತ್ತೇನೆ.

ಮೊದಲ ದಿನವೇ ಅವರು ಕೇಳಿದ್ದು: ನಿಮಗೇಕೆ ಕ್ರೊಯೇಶಿಯನ್? ಇದನ್ನು ಕೇಳದ ಕ್ರೊಯೇಶಿಯನ್ನರನ್ನು ನಾನಿನ್ನೂ ಕಂಡಿಲ್ಲ. 2021ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 39 ಲಕ್ಷವನ್ನೂ ಮುಟ್ಟಲಿಲ್ಲ. 2013ರಲ್ಲಿ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳ ಪಟ್ಟಿಗೆ ಸೇರಿದರೂ, ತಮ್ಮ ಭಾಷೆಯನ್ನು ಪರದೇಶಿಯೊಬ್ಬ ದುಡ್ಡು ಕೊಟ್ಟು ಕಲಿಯುತ್ತಾನೆಂದರೆ ಇವರಿಗೆ ಏನೋ ಅನುಮಾನ. ಉತ್ತರ ನನ್ನ ಬಳಿ ಇದೆ. ಹೇಳುತ್ತೇನೆ, ಸ್ವಲ್ಪ ತಾಳಿ.

ವಿಭಕ್ತಿಗಳ ಕೋಷ್ಟಕವನ್ನು ಟೀಚರು ನನ್ನೆದುರು ಬಿಡಿಸಿದ್ದು, ಕೆಟ್ಟ ಸುದ್ದಿ ಹೇಳುವ ಡಾಕ್ಟರರ ಧಾಟಿಯಲ್ಲಿ. ಸಂಬೋಧನೆಯೂ ಸೇರಿ ಏಳು. ಇಂಗ್ಲಿಷ್ ಮಾತಾಡುವವರು ಇಲ್ಲಿಂದಲೇ ಓಡಿಹೋಗುತ್ತಾರಂತೆ. ನನಗೆ ನಗು ಬಂತು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಬೆಂಚಿನ ಮೇಲೆ ನಿಂತು ಒಪ್ಪಿಸಿದವರಿಗೆ ಏಳು ಯಾವ ಲೆಕ್ಕ? ಆದರೆ ನಮ್ಮ ಪ್ರತ್ಯಯಗಳು ಸಜ್ಜನರು, ಯಾರ ಬಾಲಕ್ಕೆ ಅಂಟಿಸಿದರೂ ಬಹುಪಾಲು ಗುರುತು ಸಿಗುತ್ತವೆ. ಇವರದ್ದು ಗಂಡಿಗೊಂದು, ಹೆಣ್ಣಿಗೊಂದು, ನಪುಂಸಕಕ್ಕೊಂದು, ಬಹುವಚನಕ್ಕೆ ಮತ್ತೊಂದು. ಹೆಸರುಗಳಿಗೂ ವಿನಾಯಿತಿ ಇಲ್ಲ. ಅಕಾರದಲ್ಲಿ ಮುಗಿಯುವ ಗಂಡಸರ ಹೆಸರುಗಳು ಹೆಂಗಸರ ಹೆಸರಿನಂತೆಯೇ ನಡೆಯುತ್ತವೆ. ಹಾಗಾಗಿ ಪ್ರಸನ್ನನಾದ ನಾನು ಷಷ್ಠಿಗೆ ಬರುವಷ್ಟರಲ್ಲಿ ಪ್ರಸನ್ನೆಯಾದೆ.

ಇಷ್ಟಾದರೂ ಸಹಿಸಬಹುದು. ಸಹಿಸಲಾಗದ್ದು 'ಪೊದ್' ಎಂಬ ಪುಟ್ಟ ಪದ. 'ಕೆಳಗೆ' ಎಂದಷ್ಟೇ ಅರ್ಥ. ಆದರೆ ಕೆಳಕ್ಕೆ ಹೋಗುತ್ತಿದ್ದರೆ ದ್ವಿತೀಯಾ, ಹೋಗಿ ನಿಂತಾದ ಮೇಲೆ ತೃತೀಯಾ. ಇದಕ್ಕೆ ಟೀಚರು ಕೊಟ್ಟ ಉದಾಹರಣೆ 'ಪೊದ್ ರೆಪೊಮ್', ಬಾಲದ ಕೆಳಗೆ. ಊರಿನ ನಡುವಿನ ಚೌಕದಲ್ಲಿ ಬಾನ್ ಯೆಲಾಚಿಚ್ ಪ್ರತಿಮೆಯಾಗಿ ಕುದುರೆ ಏರಿ ಕೂತಿದ್ದಾನೆ. ಜಾಗ್ರೆಬ್‌ನವರು ಸ್ನೇಹಿತರಿಗೆ ಸಿಗಲು ಹೇಳುವುದು ಆ ಕುದುರೆಯ ಬಾಲದ ಕೆಳಗೆ. ನಮ್ಮಲ್ಲಿ ಗಡಿಯಾರದ ಕಂಬದ ಹತ್ತಿರ ಬಾ ಅನ್ನುತ್ತಾರೆ, ಬಸವನ ಬಾಲದ ಕೆಳಗೆ ಬಾ ಎಂದವರನ್ನು ನಾನು ಕೇಳಿಲ್ಲ.

ಪಾಠ ಅಲ್ಲಿಗೇ ನಿಂತಿತು, ಏಕೆಂದರೆ ನಾನು ಕುದುರೆಯ ಬೆನ್ನು ಬಿದ್ದೆ. ಯೆಲಾಚಿಚ್ 1848ರಲ್ಲಿ ಬಾನ್ ಆದವನು, ಅಂದರೆ ಕ್ರೊಯೇಶಿಯಾದ ಅಧಿಪತಿ. ಅದೇ ವರ್ಷ ಜೀತ ತೆಗೆದ, ದ್ರಾವಾ ನದಿ ದಾಟಿ ಹಂಗೇರಿಯ ಮೇಲೆ ದಂಡೆತ್ತಿ ಹೋದ. ಫೆರ್ನ್‌ಕೊರ್ನ್ ಎಂಬ ಶಿಲ್ಪಿ ಮಾಡಿದ ಪ್ರತಿಮೆ 1866ರಲ್ಲಿ ಚೌಕಕ್ಕೆ ಬಂತು. ಖಡ್ಗದ ತುದಿ ಉತ್ತರಕ್ಕೆ, ಹಂಗೇರಿಯ ಕಡೆಗೆ. 1947ರಲ್ಲಿ ಕಮ್ಯುನಿಸ್ಟರಿಗೆ ಅವನು ಬೇಡವಾದ. ಪ್ರತಿಮೆ ಕಳಚಿದರು, ಚೌಕ ರಿಪಬ್ಲಿಕ್ ಚೌಕವಾಯಿತು. ಆಂತುನ್ ಬಾಉಎರ್ ಎಂಬ ಮ್ಯೂಸಿಯಂ ಮನುಷ್ಯ ಬಿಡಿಭಾಗಗಳನ್ನು ಗ್ಲಿಪ್ಟೊಟೆಕಾ ಎಂಬ ಶಿಲ್ಪಗಳ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಜೋಪಾನ ಮಾಡಿದ. 1990ರ ಅಕ್ಟೋಬರ್ 16ರಂದು, ಯೆಲಾಚಿಚ್‌ನ ಹುಟ್ಟುಹಬ್ಬದ ದಿನ, ಕುದುರೆ ಮರಳಿ ಬಂತು. ಬಂದದ್ದು ಮಾತ್ರ ದಕ್ಷಿಣಕ್ಕೆ ಮುಖಮಾಡಿ!

ಖಡ್ಗ ಈಗೇಕೆ ದಕ್ಷಿಣಕ್ಕೆ ಎಂದು ಜನ ಇವತ್ತಿಗೂ ಜಗಳವಾಡುತ್ತಾರೆ. ನನ್ನ ಚಿಂತೆ ಖಡ್ಗದ್ದಲ್ಲ. ಕುದುರೆ ತಿರುಗಿದರೆ ಬಾಲವೂ ತಿರುಗಬೇಕಲ್ಲವೆ? 1947ಕ್ಕೆ ಮುಂಚೆ ಬಾಲದ ಕೆಳಗೆ ಕಾದವರು ದಕ್ಷಿಣದಲ್ಲಿ ಕಾದರು, ಈಗಿನವರು ಉತ್ತರದಲ್ಲಿ. ನಡುವಿನ 43 ವರ್ಷ ಬಾಲವೇ ಇರಲಿಲ್ಲ, ಆಗ ಪ್ರೇಮಿಗಳು ಯಾವ ವಿಭಕ್ತಿಯಲ್ಲಿ ಕಾದರು? ಟೀಚರು ಆ ಕಾಲದಲ್ಲಿ ಇದೇ ಊರಿನಲ್ಲಿ ಹದಿಹರೆಯ ಕಳೆದವರು, ಅವರನ್ನೇ ಕೇಳಿದೆ. ಒಂದು ಗಳಿಗೆ ಕಿಟಕಿಯಾಚೆ ನೋಡಿದರು. ಅದು ಇವತ್ತಿನ ಪಾಠವಲ್ಲ ಅಂದರು. ಪೂರ್ತಿ ಗಂಟೆಯ ಫೀಸು ತೆಗೆದುಕೊಂಡರು.

ನಿಮ್ಮ ಭಾಷೆ ಕಷ್ಟ ಎಂದು ಗೊಣಗಿದರೆ ಅವರ ಬಳಿ ಒಂದು ಅಸ್ತ್ರವಿದೆ: ಫಿಲಿಪ್ ವೆಜ್ದಿನ್. ಆಸ್ಟ್ರಿಯಾದ ಕ್ರೊವಾಟ್ ಮನೆತನದ ಈ ಪಾದ್ರಿ 1776ರಲ್ಲಿ ಮಲಬಾರಿಗೆ ಹೋಗಿ, ಸಂಸ್ಕೃತ ಕಲಿತು, 1790ರಲ್ಲಿ ರೋಮ್‌ನಲ್ಲಿ ಅದರ ವ್ಯಾಕರಣವನ್ನು ಅಚ್ಚು ಹಾಕಿಸಿದ. ಯುರೋಪಿನಲ್ಲಿ ಅಚ್ಚಾದ ಮೊದಲ ಸಂಸ್ಕೃತ ವ್ಯಾಕರಣ ಅದು. 'ಅವರು ಗೊಣಗಿದರೇ?' ಎನ್ನುತ್ತಾರೆ ಟೀಚರು. ಗೊಣಗಿಯೇ ಇರುತ್ತಾನೆ. ಆದರೆ ಅವನಿಗೆ ಹದಿಮೂರು ವರ್ಷ ಸಿಕ್ಕಿತು, ಕೇರಳದ ಗಾಳಿಯೂ ಸಿಕ್ಕಿತು. ಕಿಟಕಿ ಮುಚ್ಚಿ ಕಲಿಸಿರಲಾರರು.

ಈಗ ಆಗಸ್ಟ್. ಊರಿಗೆ ಊರೇ ಸಮುದ್ರಕ್ಕೆ ಹೋಗಿದೆ, ಟೀಚರೂ ಯಾವುದೋ ದ್ವೀಪದಲ್ಲಿದ್ದಾರೆ. ಅಲ್ಲಿಯವರು ಆಡುವುದು ಚಾಕಾವಿಯನ್ ಎಂಬ ಉಪಭಾಷೆ. ನೀವು ಕಲಿತದ್ದು ಅಲ್ಲಿ ಹೆಚ್ಚೇನೂ ಕೆಲಸಕ್ಕೆ ಬರುವುದಿಲ್ಲ ಎಂದು ಹೊರಡುವಾಗ ಸಂತೋಷದಿಂದಲೇ ತಿಳಿಸಿದರು. ಮುಂಗಡ ಕೊಟ್ಟದ್ದರ ಬಗ್ಗೆ ಚಕಾರವಿಲ್ಲ. ಹೋಮ್‌ವರ್ಕ್ ಮಾತ್ರ ಕೊಟ್ಟಿದ್ದಾರೆ: 'ನಾನೇಕೆ ಕ್ರೊಯೇಶಿಯನ್ ಕಲಿಯುತ್ತಿದ್ದೇನೆ', ಎರಡು ಪುಟ, ಏಳೂ ವಿಭಕ್ತಿಗಳು ಬರಬೇಕು. ಶೀರ್ಷಿಕೆ ಬರೆದು ಅಡಿಗೆರೆ ಎಳೆದಿದ್ದೇನೆ. ಸದ್ಯಕ್ಕೆ ಮನೆಯ ಅಷ್ಟೂ ಕಿಟಕಿ ತೆರೆದು, ಪ್ರೊಪುಹ್ ನೇರ ಕುತ್ತಿಗೆಗೇ ಹೊಡೆಯುವಂತೆ ಕುರ್ಚಿ ಹಾಕಿಕೊಂಡು, ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.