ಸರ್ರಿಯಲ್ ಚಿತ್ರದ ಅರ್ಥಕ್ಕೆ ಧ್ಯಾನ, ಅಧ್ಯಾತ್ಮ ಬೇಕೇ?

ಪರ

ಸರ್ರಿಯಲ್ ಚಿತ್ರ, ಅಂದರೆ ಕನಸು ಮತ್ತು ಸುಪ್ತ ಮನಸ್ಸಿನಿಂದ ಹುಟ್ಟುವ ಚಿತ್ರ, ಕಂಡರೆ ‘ಏನೋ ವಿಚಿತ್ರ’ ಅಂದು ಮುಂದೆ ಹೋಗುವವರೇ ಜಾಸ್ತಿ. ಮೆಕ್ಸಿಕೋದಲ್ಲಿ ನೆಲೆಸಿದ್ದ ಸ್ಪೇನಿನ ಕಲಾವಿದೆ ರೆಮೆಡಿಯೋಸ್ ವಾರೋ ಅವರು 1957ರಲ್ಲಿ ರಚಿಸಿದ ‘ಹಕ್ಕಿಗಳ ಸೃಷ್ಟಿ’ಯನ್ನು ನೋಡಿ. ಗೂಬೆಯ ರೂಪದ ಒಬ್ಬಾಕೆ ಮೇಜಿನ ಮುಂದೆ ಕೂತು ಹಕ್ಕಿ ಬಿಡಿಸುತ್ತಿದ್ದಾಳೆ. ಕೈಯಲ್ಲಿರುವ ಕುಂಚ ಕೊರಳಲ್ಲಿ ನೇತಾಡುವ ಪಿಟೀಲಿಗೆ ಸೇರಿಕೊಂಡಿದೆ. ಇನ್ನೊಂದು ಕೈಯಲ್ಲಿ ಮೂರು ಮೂಲೆಯ ಗಾಜು. ಅದರಲ್ಲಿ ಹಾದು ಬಂದ ನಕ್ಷತ್ರದ ಬೆಳಕು ಹಾಳೆಗೆ ಬಿದ್ದಾಗ ಹಕ್ಕಿಗೆ ಜೀವ ಬರುತ್ತದೆ.

ವಾರೋ ಅವರಿಗೆ ಗುರ್ಜಿಯೆಫ್ ಎಂಬ ಗುರುವಿನ ವಿಚಾರಗಳಲ್ಲಿ ಆಸಕ್ತಿಯಿತ್ತು. ನಾವು ಎಚ್ಚರವಿದ್ದೇವೆ ಅಂದುಕೊಂಡು ನಿದ್ದೆಯಲ್ಲೇ ಬದುಕುತ್ತೇವೆ, ನಮ್ಮ ಮೇಲೆ ನಾವೇ ಗಮನವಿಟ್ಟರೆ ಮಾತ್ರ ಏಳುತ್ತೇವೆ ಅನ್ನುವುದು ಆ ಗುರುವಿನ ಬೋಧನೆ. ಇದು ಗೊತ್ತಾದ ಮೇಲೆ ಆ ಗೂಬೆ ಹೆಣ್ಣಿನ ಏಕಾಗ್ರತೆ ಬೇರೆಯೇ ಆಗಿ ಕಾಣುತ್ತದೆ. ಸಂಗೀತ, ಬೆಳಕು, ಕೈ ಮೂರೂ ಒಂದೇ ಗಮನದಲ್ಲಿ ಕೂಡಿದರೆ ಗೆರೆಗೂ ಉಸಿರು ಬರುತ್ತದೆ. ಈ ಹಿನ್ನೆಲೆ ತೆಗೆದುಬಿಟ್ಟರೆ ಉಳಿಯುವುದು ಚೆಂದದ ಕಾಲ್ಪನಿಕ ಚಿತ್ರ, ಅಷ್ಟೆ. ವಾರೋ ಅವರ ಗೆಳತಿ ಲಿಯೊನೋರಾ ಕ್ಯಾರಿಂಗ್ಟನ್ ಅವರನ್ನೂ ಟಿಬೆಟಿನ ಬೌದ್ಧ ಧರ್ಮ ಸೆಳೆದಿತ್ತು.

ಸರ್ರಿಯಲ್ ಕಲಾವಿದ ಆಂದ್ರೆ ಮಾಸೋನ್ ಅವರ ರೀತಿಯೂ ಧ್ಯಾನಕ್ಕೆ ಹತ್ತಿರದ್ದೇ. ಏನು ಬಿಡಿಸಬೇಕು ಅಂತ ಯೋಚಿಸದೆ ಪೆನ್ನು ಓಡಿಸುತ್ತಿದ್ದರು. ಆಕಾರ ಆಮೇಲೆ ಕಾಣುತ್ತಿತ್ತು. ಬುದ್ಧಿಯನ್ನು ಪಕ್ಕಕ್ಕಿಟ್ಟು ಸುಮ್ನೆ ಇರುವುದು ಇದೇ ಅಲ್ವಾ?

ವಿರೋಧ

ಅಲ್ಲ. ಧ್ಯಾನಕ್ಕೆ ಕೂತವರು ಮನಸ್ಸಿನಲ್ಲಿ ಮೂಡಿದ ಚಿತ್ರವನ್ನು ಹೋಗಲು ಬಿಡುತ್ತಾರೆ. ಸರ್ರಿಯಲಿಸ್ಟ್ ಅದನ್ನು ಹಿಡಿಯಲು ಹೊಂಚು ಹಾಕುತ್ತಾನೆ. ಸಾಲ್ವಡಾರ್ ಡಾಲಿ ಕೈಯಲ್ಲಿ ಭಾರದ ಕೀಲಿಕೈ ಹಿಡಿದು ಕುರ್ಚಿಯಲ್ಲಿ ಒರಗುವ ಉಪಾಯ ಹೇಳಿದ್ದರು. ಕೆಳಗೊಂದು ತಟ್ಟೆ. ನಿದ್ದೆ ಹತ್ತಿದ ಕ್ಷಣ ಕೀಲಿಕೈ ಜಾರಿ ತಟ್ಟೆಗೆ ಬೀಳುತ್ತದೆ, ಸದ್ದಿಗೆ ಎಚ್ಚರವಾಗುತ್ತದೆ, ಆಗ ಕಂಡದ್ದು ಕ್ಯಾನ್ವಾಸಿಗೆ. ಇದು ಬೇಟೆ. ಶಾಂತಿಗೆ ಇಲ್ಲಿ ಏನು ಕೆಲಸ?

ಸರ್ರಿಯಲಿಸಂ ಎಂಬ ಈ ಚಳವಳಿ ಹುಟ್ಟಿದ್ದೂ ಆಶ್ರಮದಲ್ಲಲ್ಲ. 1924ರಲ್ಲಿ ಅದರ ಪ್ರಣಾಳಿಕೆ ಬರೆದ ಆಂದ್ರೆ ಬ್ರೆತೊನ್ ವೈದ್ಯಕೀಯ ಓದಿದವರು. ಮೊದಲ ಮಹಾಯುದ್ಧದಲ್ಲಿ ಮನಸ್ಸು ಕೆಟ್ಟ ಸೈನಿಕರ ನಡುವೆ ಕೆಲಸ ಮಾಡಿದ್ದರು. ಅವರಿಗೆ ದಾರಿ ತೋರಿದ್ದು ಸುಪ್ತ ಮನಸ್ಸಿನ ಬಗ್ಗೆ ಬರೆದ ವೈದ್ಯ ಫ್ರಾಯ್ಡ್. ದೇವರ ಬಗ್ಗೆ ಈ ಗುಂಪಿಗೆ ಎಷ್ಟು ಭಯಭಕ್ತಿಯಿತ್ತು ಅಂತ ತಿಳಿಯಬೇಕಾದರೆ ಮ್ಯಾಕ್ಸ್ ಅರ್ನ್ಸ್ಟ್ ಅವರ 1926ರ ಚಿತ್ರ ನೋಡಿದರೆ ಸಾಕು. ಅದರಲ್ಲಿ ಮೇರಿ ಬಾಲ ಯೇಸುವಿನ ಅಂಡಿಗೆ ಬಾರಿಸುತ್ತಿದ್ದಾಳೆ.

1925ರಲ್ಲಿ ಇವರ ಪತ್ರಿಕೆ ದಲೈ ಲಾಮಾ ಅವರಿಗೆ ಮೊರೆಯಿಡುವ ಪತ್ರ ಅಚ್ಚು ಹಾಕಿದ್ದು ನಿಜ. ಅದೇ ಸಂಚಿಕೆಯಲ್ಲಿ ಪೋಪ್ ಅವರಿಗೆ ಬೈಗುಳವೂ ಇತ್ತು! ನನಗೆ ಅದು ಬೌದ್ಧ ಭಕ್ತಿ ಅನ್ನಿಸುವುದಿಲ್ಲ. ಯೂರೋಪನ್ನು ಹೊಡೆಯಲು ಟಿಬೆಟ್ ಎಂಬ ಕೋಲು ಸಿಕ್ಕಿತ್ತು.

ವಾರೋ ಅವರ ಚಿತ್ರಕ್ಕೆ ಗುರ್ಜಿಯೆಫ್ ಬರಲಿ, ಕರೆತಂದವರು ಅವರೇ. ಆದರೆ ರೆನೆ ಮಾಗ್ರಿತ್ ತಮ್ಮ ಚಿತ್ರಗಳಲ್ಲಿ ಸಂಕೇತ ಹುಡುಕುವವರನ್ನು ಕಂಡರೇ ಸಿಡಿಮಿಡಿಗೊಳ್ಳುತ್ತಿದ್ದರು. ಅವರು ಬಿಡಿಸಿದ ಮುಖ ಕಾಣದ ಟೋಪಿ ಮನುಷ್ಯನಿಗೆ ‘ಅಹಂಕಾರ ಕಳಚಿದವನು’ ಎಂಬ ಚೀಟಿ ಅಂಟಿಸಿದರೆ ನೋಡುವವನಿಗೆ ನೆಮ್ಮದಿಯಾಗುತ್ತದೆ. ಮಾಗ್ರಿತ್ ಬಯಸಿದ್ದ ಕಸಿವಿಸಿ ಅಲ್ಲಿಗೆ ಮುಗಿಯುತ್ತದೆ.